ವಠಾರದ ಒಲೆಗೇ ದುಬಾರಿ ಗ್ಯಾಸು!

ನಾಗಸಂದ್ರ ಮೆಟ್ರೋ ಇಳಿದರೆ ಪಕ್ಕದಲ್ಲೇ 2022ರಲ್ಲಿ ತೆರೆದ ಐಕಿಯಾ ಅಂಗಡಿ. ಒಳಗೆ ಸಿಂಗಾರದ ಅಡಿಗೆಮನೆಗಳು. ನೋಡೋದಕ್ಕೆ ಕಾಸು ಕೇಳೋದಿಲ್ಲ. ಪೀಣ್ಯದ ಕಡೆ ತಿರುಗಿದರೆ ಒಂಟಿ ಕೋಣೆಯ ವಠಾರಗಳು: ಒಂದು ಒಲೆ, ಒಂದು ಕುಕ್ಕರು. ಶಿಫ್ಟಿಗೆ ಹೊರಟ ಕಾರ್ಮಿಕ ಹೆಸರುಕಾಳು ನೆನೆಹಾಕಿ ಹೋಗುತ್ತಾನೆ. ಬಂದು ಅಕ್ಕಿ, ಟೊಮೇಟೊ, ಉಪ್ಪು, ಖಾರ ಸೇರಿಸಿ ಒಟ್ಟಿಗೇ ಕೂಗಿಸುತ್ತಾನೆ. ನೆನೆದ ಕಾಳು ಬೇಗ ಬೇಯುತ್ತೆ, ಗ್ಯಾಸು ಉಳಿಯುತ್ತೆ.

ಉಳಿಸಲೇಬೇಕು ಸ್ವಾಮಿ! ವಿಳಾಸದ ದಾಖಲೆ ಇದ್ದವರಿಗೆ 14.2 ಕಿಲೋ ಮನೆ ಸಿಲಿಂಡರು. ಇಲ್ಲದವನಿಗೆ ಮುಕ್ತ ಮಾರಾಟದ 5 ಕಿಲೋ ಪುಟ್ಟ ಸಿಲಿಂಡರೇ ಗತಿ. ಕಿಲೋ ಲೆಕ್ಕ ಹಾಕಿದರೆ ಪುಟ್ಟದ್ದೇ ದುಬಾರಿ. ಬಂಗಲೆಯವನಿಗಿಂತ ವಠಾರದವನು ಹೆಚ್ಚು ತೆರುವುದು ಯಾವ ನ್ಯಾಯ? ಬಾಡಿಗೆ ಕರಾರು ಬರೆದುಕೊಡದ ಮಾಲೀಕರೂ, ದರ ಕಟ್ಟುವ ದೊಡ್ಡವರೂ ಉತ್ತರ ಹೇಳಲಿ.