ಶಾಲೆ ಬಿಟ್ಟ ಮೇಲೆ ಮಕ್ಕಳ ಹೊಣೆ ಯಾರದ್ದು? ಪರಶುರಾಂಪುರ ಹೋಬಳಿಗೆ ಬೇಕಿದೆ ಸಂಜೆಯ ಒಂದೇ ವೇಳಾಪಟ್ಟಿ

ಪರಶುರಾಂಪುರ: ಸಂಜೆ ಶಾಲೆಯ ಕೊನೆ ಗಂಟೆ ಹೊಡೆದರೆ ಮೇಷ್ಟ್ರ ಹೊಣೆ ಅಲ್ಲಿಗೆ ಮುಗಿಯಿತು. ಹೊಲಕ್ಕೋ ಕೂಲಿಗೋ ಹೋದ ಅಪ್ಪ-ಅಮ್ಮ ಮನೆ ಸೇರುವುದು ಕತ್ತಲಾದ ಮೇಲೆ. ನಡುವಿನ ಎರಡು-ಮೂರು ಗಂಟೆ ಮಗು ಎಲ್ಲಿರುತ್ತೆ, ಏನು ಮಾಡುತ್ತೆ ಅನ್ನೋದು ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಈ ಗಡಿ ಹೋಬಳಿಯಲ್ಲಿ ಮಕ್ಕಳ ಓದು ಸೋರಿಹೋಗುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ.

ಒಂದೇ ವರ್ಷದಲ್ಲಿ ಮೇಲಿಂದ ಕೆಳಕ್ಕೆ

2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.8ರೊಂದಿಗೆ ರಾಜ್ಯಕ್ಕೇ ಮೊದಲು ಬಂದಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಜಿಲ್ಲೆ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. ರಾಜ್ಯದ ಒಟ್ಟು ಫಲಿತಾಂಶವೂ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಸೇರಿಸಿಕೊಂಡು. ಕ್ಯಾಮೆರಾ ಮುಂದೆ ಕೂತು ಬರೆಯಬೇಕಾದರೆ ವರ್ಷವಿಡೀ ಓದಿರಬೇಕು. ಪರೀಕ್ಷೆಗೆ ಮೂರು ತಿಂಗಳಿರುವಾಗ ವಿಶೇಷ ತರಗತಿ ಶುರು ಮಾಡಿದರೆ, ಐದನೇ ತರಗತಿಯಲ್ಲಿ ಓದಲು ಬಾರದೆ ಮುಂದೆ ಬಂದ ಹುಡುಗನನ್ನು ದಡ ಸೇರಿಸುವುದು ಕಷ್ಟ.

ಗಡಿ ಹೋಬಳಿಯ ಕಷ್ಟಗಳು

ಇಲ್ಲಿ ಮೂರು ಕಷ್ಟ ಒಟ್ಟಿಗೇ ಇವೆ. ಮೊದಲನೆಯದು ಭಾಷೆ. ಆಂಧ್ರ ಗಡಿಗೆ ಹೊಂದಿಕೊಂಡ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಮನೆಗೆ ಬಂದ ಮಗು ಪಾಠದ ಪದ ಗೊತ್ತಾಗಲಿಲ್ಲ ಅಂದರೆ ಹೇಳಿಕೊಡುವವರು ಇರೋದಿಲ್ಲ.

ಎರಡನೆಯದು ಶೇಂಗಾ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್ ಹೊತ್ತಿಗೆ ಕೀಳಲು ಬರುತ್ತೆ. ಗಿಡ ಕೀಳೋದು, ಕಾಯಿ ಬಿಡಿಸೋದು ಅಂತ ಮನೆಮಂದಿಯೆಲ್ಲ ಹೊಲದಲ್ಲಿ. ಶಾಲೆಗಳಲ್ಲಿ ಹತ್ತನೇ ತರಗತಿಯವರಿಗೆ ಸಂಜೆ ತರಗತಿ ಚುರುಕಾಗುವ ಕಾಲಕ್ಕೇ ಹೊಲದ ಕೆಲಸವೂ ಜೋರಾಗುತ್ತೆ.

ಮೂರನೆಯದು ಬಸ್ಸು. ಸುತ್ತಲ ಹಳ್ಳಿಗಳ ಮಕ್ಕಳು ಹೈಸ್ಕೂಲಿಗೆ ಹೋಬಳಿ ಕೇಂದ್ರಕ್ಕೇ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸರಿ. ಆದರೆ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲವಾದರೆ ಉಚಿತ ಟಿಕೆಟ್ಟಿನಿಂದ ಏನು ಬಂತು? ಕತ್ತಲಾಗುತ್ತೆ ಅಂತ ಮನೆಯವರು ಮೊದಲು ಬಿಡಿಸೋದು ಹೆಣ್ಣುಮಕ್ಕಳ ಸಂಜೆ ತರಗತಿಯನ್ನೇ.

ಇರುವುದೆಲ್ಲ ಇದೆ, ಹೊಂದಿಕೆ ಇಲ್ಲ

ಹಾಗಂತ ವ್ಯವಸ್ಥೆಯೇ ಇಲ್ಲ ಅನ್ನೋಹಾಗಿಲ್ಲ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು.

ಗ್ರಂಥಾಲಯ ಪಂಚಾಯಿತಿಯದ್ದು, ವಿಶೇಷ ತರಗತಿ ಶಿಕ್ಷಣ ಇಲಾಖೆಯದ್ದು, ಬಸ್ಸು ಸಾರಿಗೆ ಸಂಸ್ಥೆಯದ್ದು, ಹಾಸ್ಟೆಲ್ ಸಮಾಜ ಕಲ್ಯಾಣ ಇಲ್ಲವೇ ಹಿಂದುಳಿದ ವರ್ಗಗಳ ಇಲಾಖೆಯದ್ದು. ಒಬ್ಬರ ವೇಳೆ ಇನ್ನೊಬ್ಬರಿಗೆ ಗೊತ್ತಿರಬೇಕು ಅನ್ನೋ ಕಟ್ಟುಪಾಡಿಲ್ಲ. ಇವೆಲ್ಲವನ್ನೂ ಒಂದೇ ದಿನದಲ್ಲಿ ಹೊಂದಿಸಿಕೊಳ್ಳಬೇಕಾದದ್ದು ಮಾತ್ರ ಹದಿಮೂರು ವರ್ಷದ ಮಗು.

ಪಕ್ಕದ ತಮಿಳುನಾಡು 2021ರ ಅಕ್ಟೋಬರ್‌ನಲ್ಲಿ ‘ಇಲ್ಲಂ ತೇಡಿ ಕಲ್ವಿ’ ಅಂದರೆ ‘ಮನೆ ಹುಡುಕಿ ಬರುವ ಶಿಕ್ಷಣ’ ಎಂಬ ಯೋಜನೆ ತಂದಿತು. ಮಕ್ಕಳ ಮನೆಗಳ ಹತ್ತಿರವೇ ಸಂಜೆ ಒಂದು-ಒಂದೂವರೆ ಗಂಟೆ ಪಾಠ. ಅದೇ ಊರಿನ ಸ್ವಯಂಸೇವಕರಿಗೆ ತಿಂಗಳಿಗೆ ಸಾವಿರ ರೂಪಾಯಿ ಗೌರವಧನ. ದೊಡ್ಡ ಕಟ್ಟಡ ಬೇಕಾಗಲಿಲ್ಲ, ಬಸ್ಸಿಗೆ ಕಾಯುವ ಗೋಳೂ ಇಲ್ಲ. ನಮ್ಮ ಹಳ್ಳಿಗಳಲ್ಲೂ ಪಿಯುಸಿ, ಡಿಗ್ರಿ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳು, ಸೊಸೆಯಂದಿರು ಇದ್ದಾರೆ. ತೆಲುಗು-ಕನ್ನಡ ಎರಡೂ ಬಲ್ಲವರಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಅಂಗಡಿಯವರು ಗಮನಿಸಬೇಕಾದ್ದು

ಸಂಜೆ ಹೊತ್ತು ಅಂಗಡಿಯಲ್ಲಿ ಕೈಗೊಬ್ಬ ಹುಡುಗ ಇದ್ದರೆ ಅನುಕೂಲ ಅನ್ನಿಸೋದು ಸಹಜ. ಆದರೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಗು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತನ್ನ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು, ಅಷ್ಟೇ. ಬೇರೆಯವರ ಮಗುವನ್ನು ಒಂದು ಗಂಟೆ ಇಟ್ಟುಕೊಂಡರೂ ತಪ್ಪು. ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಬೀಳಬಹುದು. ಅದರ ಬದಲು ಬಸ್‌ಸ್ಟ್ಯಾಂಡಿನ ಅಂಗಡಿಯವರು ಒಂದು ಉಪಕಾರ ಮಾಡಬಹುದು: ಯಾವ ಊರಿನ ಮಕ್ಕಳು ಎಷ್ಟು ಹೊತ್ತು ಬಸ್ಸಿಗೆ ಕಾಯುತ್ತಾರೆ ಅನ್ನೋದನ್ನ ಪಂಚಾಯಿತಿಗೆ ಹೇಳಬಹುದು. ಅದನ್ನ ದಿನಾ ಕಣ್ಣಾರೆ ಕಾಣೋರು ಅವರೇ.

ಎಲ್ಲಿಂದ ಶುರು ಮಾಡೋದು?

ಹೊಸ ಯೋಜನೆ, ಹೊಸ ಅನುದಾನಕ್ಕೆ ಕಾಯಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಎಸ್‌ಡಿಎಂಸಿ ಸಭೆ ಬಿಲ್ಲಿಗೆ ಸಹಿ ಹಾಕುವುದಕ್ಕಷ್ಟೇ ಸೀಮಿತವಾಗದೆ, ಒಂದು ಸಭೆಯನ್ನಾದರೂ ಸಂಜೆಯ ವಿಷಯಕ್ಕೆ ಮೀಸಲಿಡಲಿ. ಮುಖ್ಯ ಶಿಕ್ಷಕರು, ಗ್ರಂಥಾಲಯ ಮೇಲ್ವಿಚಾರಕರು, ಪಿಡಿಒ, ಹಾಸ್ಟೆಲ್ ವಾರ್ಡನ್ ಒಂದೇ ಮೇಜಿನ ಸುತ್ತ ಕೂತರೆ ಮೂರು ತೀರ್ಮಾನ ಸಾಧ್ಯ: ತರಗತಿ ಮುಗಿಯುವ ವೇಳೆಗೆ ಬಸ್ಸು ಕೇಳಿ ಡಿಪೋಗೆ ಲಿಖಿತ ಮನವಿ, ಶಾಲೆ ಬಿಡುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ತೆರೆದಿರುವ ವ್ಯವಸ್ಥೆ, ಶೇಂಗಾ ಸುಗ್ಗಿಯಲ್ಲಿ ವಿಶೇಷ ತರಗತಿ ಬೆಳಗ್ಗೆಗೆ ಬದಲಾವಣೆ.

ವರ್ಷಕ್ಕೊಮ್ಮೆ ಪಂಚಾಯಿತಿಗಳು ನಡೆಸಬೇಕಾದ ಮಕ್ಕಳ ಗ್ರಾಮ ಸಭೆಯಲ್ಲಿ ಈ ಪಟ್ಟಿಯನ್ನು ಮಕ್ಕಳ ಮುಂದೆಯೇ ಓದಿ ಹೇಳಬೇಕು. ಯಾವುದು ನಡೆಯುತ್ತಿದೆ, ಯಾವುದು ಬರೀ ಕಾಗದದ ಮೇಲಿದೆ ಅನ್ನೋದನ್ನ ಅವರೇ ಹೇಳುತ್ತಾರೆ. ಫಲಿತಾಂಶ ಬಂದ ದಿನ ಮೇಷ್ಟ್ರನ್ನ ಬೈಯುವ ಪೋಷಕರು, ಅದಕ್ಕಿಂತ ಮೊದಲು ಈ ಎರಡು ಸಭೆಗಳಿಗೆ ಬಂದು ಕೂತರೆ ಅರ್ಧ ಕೆಲಸ ಆದಂತೆ.