‘ಮಗ್ಗ’ ತಪ್ಪಲ್ಲ, ತಪ್ಪು ಚೀಟಿಯದು

ವಿದ್ಯುತ್ತಿನಿಂದ ಓಡುವ ಯಂತ್ರವನ್ನು ‘ಮಗ್ಗ’ ಎನ್ನುವುದು ತಪ್ಪು, ಆ ಹೆಸರು ಕೈಮಗ್ಗಕ್ಕೇ ಇರಲಿ ಎಂಬ ಲೇಖಕರೊಬ್ಬರ ವಾದ ಪ್ರಕಟವಾಗಿದೆ. ಅದನ್ನು ಒಪ್ಪಲಾಗದು.

ಎರಡರಲ್ಲೂ ಹಾಸಿನ ನೂಲುಗಳ ನಡುವೆ ಹೊಕ್ಕಿನ ನೂಲು ಹಾಯ್ದೇ ಬಟ್ಟೆಯಾಗುತ್ತದೆ. ಬದಲಾದದ್ದು ಓಡಿಸುವ ಶಕ್ತಿ, ನೇಯ್ಗೆಯಲ್ಲ. ರಬಕವಿ-ಬನಹಟ್ಟಿಯ ನೇಕಾರರು ಎರಡನ್ನೂ ಮಗ್ಗ ಎನ್ನುವುದು ಸರಿಯಾಗಿಯೇ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯೂ ವಿದ್ಯುತ್ ಮಗ್ಗವಲ್ಲದ ಮಗ್ಗವೇ ಕೈಮಗ್ಗ ಎಂದು ವಿವರಿಸುತ್ತದೆ. ಕಾನೂನಿಗೂ ಎರಡೂ ಮಗ್ಗಗಳೇ.

ಸಿಟ್ಟು ಬರಬೇಕಾದದ್ದು ಬೇರೆ ಕಡೆ. ವಿದ್ಯುತ್ ಮಗ್ಗದ ಸೀರೆಗೆ ‘ಕೈಮಗ್ಗ’ದ ಚೀಟಿ ಅಂಟಿಸಿ ಮಾರಿದರೆ ಕೈನೇಕಾರರ ಕೂಲಿಗೇ ಕುತ್ತು. ಅಸಲಿ ಕೈಮಗ್ಗದ ಬಟ್ಟೆಯನ್ನು ಗುರುತಿಸಲೆಂದೇ 2006ರಲ್ಲಿ ‘ಹ್ಯಾಂಡ್‌ಲೂಮ್ ಮಾರ್ಕ್’ ಬಂತು. ರಬಕವಿ-ಬನಹಟ್ಟಿಯವರ ಮಾತು ತಿದ್ದುವ ಬದಲು, ಅಂಗಡಿಯಲ್ಲಿ ಆ ಗುರುತು ಕೇಳಿ ಕೊಳ್ಳಿರೆಂದು ಆ ಲೇಖಕರು ಗಿರಾಕಿಗಳಿಗೆ ಹೇಳಲಿ.