ಫೆಬ್ರವರಿ 14ರಂದು ಅವ್ವ ಮೊದಲು ಉಣ್ಣಲಿ



ಫೆಬ್ರವರಿ ಬಂತೆಂದರೆ ನಮ್ಮ ಯುವಕರ ಕೂಟದಲ್ಲಿ ಒಂದು ವಾದ ಎದ್ದೇ ಏಳುತ್ತದೆ. ‘ವ್ಯಾಲೆಂಟೈನ್ ಡೇ ನಮ್ಮ ಸಂತರ ಹೆಸರಿನ ದಿನ, ಆಚರಿಸಿದರೆ ತಪ್ಪೇನು?’ ಎಂದು ಕೆಲವರು. ‘ಅದು ಅಂಗಡಿಯವರ ಹಬ್ಬ, ಹುಡುಗರು ಕೆಡ್ತಾರ’ ಎಂದು ಹಿರಿಯರು. ನನ್ನ ಅಭಿಪ್ರಾಯ ಇಷ್ಟೇ: ಆಚರಿಸೋಣ, ಆದರೆ ಮನೆಯಲ್ಲಿ, ಅದೂ ಅಡುಗೆಮನೆಯಿಂದ ಶುರು ಮಾಡೋಣ. ಯಾಕೆಂದು ಹೇಳುತ್ತೇನೆ.

2024ರಲ್ಲಿ ಫೆಬ್ರವರಿ 14 ವಿಭೂತಿ ಬುಧವಾರವೂ ಆಗಿತ್ತು. ಹಣೆಗೆ ವಿಭೂತಿ, ದಿನಕ್ಕೆ ಒಂದೇ ಪೂರ್ಣ ಊಟ. ಸಂಜೆ ಬಲಿಪೂಜೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಎಲ್ಲರಿಗೂ ಹಸಿವು. ಅವ್ವನೂ ನಮ್ಮಂತೆಯೇ ಉಪವಾಸ ಇದ್ದಳು. ಆದರೂ ಬಂದವಳೇ ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತಳು. ಅಪ್ಪ, ಅಜ್ಜಿ, ನಾನು, ತಂಗಿ ಬಿಸಿಬಿಸಿ ಉಂಡು ಎದ್ದೆವು. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಒಳಗೆ ಹೋದೆ. ಅವ್ವ ಒಬ್ಬಳೇ ಕೂತು, ಆರಿದ ರೊಟ್ಟಿಯನ್ನು ಶೇಂಗಾ ಹಿಂಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಪಲ್ಯ ನಾವೇ ಮುಗಿಸಿದ್ದೆವು. ನನಗಾಗ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಮನೆಯಲ್ಲಿ ನಡೆದದ್ದು ಅದೇ. ನಾನು ನೋಡಿದ್ದು ಮಾತ್ರ ಅವತ್ತು.

ಮದುವೆಗಳಲ್ಲಿ ನಾವು ತಪ್ಪದೆ ಕೇಳುವ ವಾಚನ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ, ಪ್ರೀತಿಯ ಅಧ್ಯಾಯ. ಆದರೆ ಅದನ್ನು ಬರೆದದ್ದು ಮದುವೆಗಲ್ಲ, ಜಗಳವಾಡುತ್ತಿದ್ದ ಸಭೆಗೆ. ಎರಡೇ ಅಧ್ಯಾಯ ಹಿಂದೆ ಹೋಗಿ 11ನೆಯದನ್ನು ಓದಿ. ಅಲ್ಲಿ ಪೌಲರ ಸಿಟ್ಟು ಊಟದ ವಿಷಯಕ್ಕೆ. ಪ್ರಭುವಿನ ಭೋಜನಕ್ಕೆ ಕೂಡಿದಾಗ ಕೆಲವರು ಮೊದಲೇ ಉಂಡು ಮುಗಿಸುತ್ತಿದ್ದರು, ಇನ್ನು ಕೆಲವರು ಹಸಿದೇ ಉಳಿಯುತ್ತಿದ್ದರು. ಒಬ್ಬರಿಗೊಬ್ಬರು ಕಾಯಿರಿ ಎಂದು ಅವರು ಬುದ್ಧಿ ಹೇಳುತ್ತಾರೆ. ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ ಎಂಬುದೂ ಪ್ರೀತಿಯ ಪ್ರಶ್ನೆಯೇ.

ಹಾಗಾಗಿ 2025ರ ಫೆಬ್ರವರಿ 14ಕ್ಕೆ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಶುರುವಾಯಿತು. ಅವ್ವನನ್ನು ತಾಟಿನ ಮುಂದೆ ಕೂಡಿಸಿ ನಾನು ಹಿಟ್ಟು ನಾದಿದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಕುದಿಯುವ ನೀರು ಹಾಕಿದರೆ ಪಿಷ್ಟ ಅಂಟು ಬಿಟ್ಟು ಹಿಟ್ಟು ಹಿಡಿದುಕೊಳ್ಳುತ್ತದೆ ಎಂಬುದು ಬಿಎಸ್ಸಿ ಓದಿದ ನನಗೆ ಗೊತ್ತು. ಗೊತ್ತಿದ್ದೂ ಮೊದಲ ಮೂರು ರೊಟ್ಟಿ ಹರಿದವು. ನಾಲ್ಕನೆಯದು ಮಹಾರಾಷ್ಟ್ರದ ನಕಾಶೆಯಂತೆ ಬಂತು.

‘ಯಾಕೋ, ನನಗೇನ್ ಆಗ್ಯಾದ ಅಂತ ಕೂಡ್ಸಿದಿ? ಸರಿ ಅತ್ಲಾಗ’ ಎಂದು ಅವ್ವ ಮೂರು ಸಲ ಎದ್ದಳು. ಅಜ್ಜಿ ಮೂರು ಸಲವೂ ಕೈ ಹಿಡಿದು ಕೂಡಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ನೀ ಯಾಕ್ ಕುಂತೀದಿ? ಏಳು, ಪಲ್ಯಾ ನೀಡು’ ಎಂದಳು. ಅಪ್ಪ ಎದ್ದು ನೀಡಿದ. ಅವ್ವ ಬಿಸಿ ರೊಟ್ಟಿ ಮುರಿದು, ‘ಪಲ್ಯಾಕ್ಕ ಉಪ್ಪು ಹೆಚ್ಚಾಗ್ಯಾದ’ ಎಂದಳು. ಬೇರೆ ಏನೂ ಅನ್ನಲಿಲ್ಲ. ಆದರೆ ಎರಡು ರೊಟ್ಟಿ ಉಣ್ಣುವವಳು ಅವತ್ತು ಮೂರು ಉಂಡಳು.

ಇದು ಮೊದಲನೆಯ ರೂಢಿ. ಒಂದು ಮಾತು ನೆನಪಿಡಿ: ಈ ಕೆಲಸ ಗಂಡಸರದು. ಅವ್ವನ ಬದಲು ತಂಗಿಯನ್ನೋ ವೈನಿಯನ್ನೋ ಒಲೆ ಮುಂದೆ ಕೂಡಿಸಿದರೆ ಏನೂ ಬದಲಾಗಲಿಲ್ಲ ಎಂದೇ ಅರ್ಥ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದೂ ಬೇಡ.

ಎರಡನೆಯದು, ಒಂದು ಚೀಟಿ. ಸಂತ ವ್ಯಾಲೆಂಟೈನರು ರೋಮಿನ ರಕ್ತಸಾಕ್ಷಿ. ಆದರೆ 1969ರಲ್ಲಿ ಧರ್ಮಸಭೆ ತನ್ನ ಪಂಚಾಂಗವನ್ನು ತಿದ್ದಿದಾಗ ಅವರ ಹಬ್ಬ ಸಾರ್ವತ್ರಿಕ ಪಟ್ಟಿಯಿಂದ ಹೊರಬಂತು. ಈಗ ಫೆಬ್ರವರಿ 14 ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸರ ಸ್ಮರಣೆಯ ದಿನ. ಥೆಸಲೋನಿಕದ ಈ ಅಣ್ಣತಮ್ಮಂದಿರು 9ನೇ ಶತಮಾನದಲ್ಲಿ ಸ್ಲಾವ್ ಜನರಿಗೆ ದೇವರ ವಾಕ್ಯವನ್ನು ಅವರದೇ ಮಾತಿನಲ್ಲಿ ಕೊಟ್ಟರು, ಅದನ್ನು ಬರೆಯಲು ಲಿಪಿಯನ್ನೂ ಮಾಡಿದರು. ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಪ್ರೀತಿಯ ಮಾತು ಬಂದಾಗ ಮೂರೂ ಭಾಷೆಯಲ್ಲಿ ಬಾಯಿ ಕಟ್ಟುತ್ತದೆ. ಸಂಕ್ರಾಂತಿಗೆ ಓಣಿಯ ಎಲ್ಲರಿಗೂ ತಿಳಗುಳ ಕೊಟ್ಟು ಸವಿ ಮಾತಾಡಿ ಎನ್ನುತ್ತೇವೆ. ತಿಂಗಳಾಗುವಷ್ಟರಲ್ಲಿ ಮನೆಯವರ ಮೇಲೇ ಒದರುತ್ತಿರುತ್ತೇವೆ.

ಆದ್ದರಿಂದ ಅವತ್ತು ಮನೆಯ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಮನೆಮಾತಿನಲ್ಲಿ ಒಂದೇ ಸಾಲು ಬರೆಯಲಿ. ‘ಲವ್ ಯೂ’ ಬೇಡ, ಅವರು ಮಾಡಿದ ಒಂದು ಕೆಲಸ ಬರೆಯಿರಿ. ನನ್ನ ತಂಗಿಗೆ ಕನ್ನಡ ಅಕ್ಷರ ಬಾರದು. ಮರಾಠಿ ಅಕ್ಷರದಲ್ಲೇ ಕನ್ನಡ ಬರೆದು ಅಜ್ಜಿಗೆ ಓದಿ ಹೇಳಿದಳು: ‘ಪರೀಕ್ಷಾದಾಗ ನಾ ಅಳೂಮುಂದ ನೀ ರಾತ್ರಿಯೆಲ್ಲಾ ನನ್ನ ಬಾಜೂಕ ಕುಂತಿದ್ದಿ.’ ಅಜ್ಜಿಗೆ ಯಾವ ಅಕ್ಷರವೂ ಓದಲು ಬಾರದು. ಆ ಚೀಟಿ ಇವತ್ತಿಗೂ ಅವಳ ಎಲೆ ಅಡಿಕೆ ಸಂಚಿಯಲ್ಲಿದೆ.

ಮೂರನೆಯದು, ಒಂದು ತಾಟು ಹೆಚ್ಚು. ನಮ್ಮ ಧರ್ಮಕೇಂದ್ರದಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿದ್ದಾರೆ, ಮಕ್ಕಳು ಪುಣೆ ಮುಂಬಯಿ ಸೇರಿ ಒಬ್ಬರೇ ಉಳಿದವರಿದ್ದಾರೆ. ಅಂಗಡಿಯ ಕೆಂಪು ಬಲೂನುಗಳು ಅವರಿಗಾಗಿ ಕಟ್ಟಿದವಲ್ಲ. ಎರಡು ರೊಟ್ಟಿ, ಒಂದಿಷ್ಟು ಪಲ್ಯ ಕಟ್ಟಿಕೊಂಡು ಹೋಗಿ. ಕೊಟ್ಟು ಓಡಿಬರಬೇಡಿ, ಅವರು ಉಣ್ಣುವ ತನಕ ಕೂತು ಮಾತಾಡಿ.

‘ವರ್ಷಕ್ಕೊಂದು ದಿನ ರೊಟ್ಟಿ ಮಾಡಿದರೆ ಏನು ಬಂತು? ಉಳಿದ 364 ದಿನ?’ ಎಂದು ಗೆಳೆಯನೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಒಂದು ದಿನಕ್ಕೇ ನಿಂತರೆ ಅದೂ ಅಂಗಡಿಯ ಗುಲಾಬಿಯಂತೆಯೇ. ನಮ್ಮ ಮನೆಯಲ್ಲಿ ಆದದ್ದು ಇಷ್ಟು: ಈಗ ರವಿವಾರ ರೊಟ್ಟಿಯನ್ನೆಲ್ಲ ಮಾಡಿಟ್ಟು, ಅವ್ವ ಕೂತ ಮೇಲೆಯೇ ಎಲ್ಲರೂ ಕೈ ಹಚ್ಚುತ್ತೇವೆ. ಉಳಿದ ದಿನ ಇನ್ನೂ ಮರೆಯುತ್ತೇವೆ. ಮರೆತದ್ದು ಈಗ ನಮಗೇ ಗೊತ್ತಾಗುತ್ತದೆ. ಮೊದಲು ಅದೂ ಇರಲಿಲ್ಲ.

2026ರಲ್ಲಿ ಫೆಬ್ರವರಿ 14 ಶನಿವಾರ. ಆ ವರ್ಷ ತಪಸ್ಸುಕಾಲ ಶುರುವಾಗುವುದು ಅದಾಗಿ ನಾಲ್ಕು ದಿನಕ್ಕೆ. ಮನೆಯಲ್ಲಿ ಜೋಳದ ಹಿಟ್ಟು ಇದ್ದೇ ಇದೆ. ಹುಡುಗರೇ, ಒಂದೆರಡು ದಿನ ಮೊದಲೇ ರೊಟ್ಟಿ ಬಡಿಯುವುದನ್ನು ಕಲಿತುಕೊಳ್ಳಿ. ನೀರು ಚೆನ್ನಾಗಿ ಕುದಿಯಲಿ. ಪಲ್ಯಕ್ಕೆ ಉಪ್ಪು ನೋಡಿ ಹಾಕಿ.